ಕಲಿನಾದ ಕಾಂಪೌಂಡಿನಲ್ಲಿ ಒಂದು ಪದ್ಮಿನಿ: ಅಪ್ಪ-ಮಗಳ ಹದಿಮೂರು ತಿಂಗಳ ಕೆಲಸ

ಕಾರು ಪ್ರೀಮಿಯರ್ ಪದ್ಮಿನಿ, 1984ರ ಮಾಡೆಲ್, ಬಿಳಿ ಬಣ್ಣ, ಪೆಟ್ರೋಲ್, ಹ್ಯಾಂಡ್ ಗೇರ್. ಮುಂಬಯಿಯ ಕಲಿನಾದಲ್ಲಿ ನಮ್ಮ ಸೊಸೈಟಿ ಕಾಂಪೌಂಡಿನ ಮೂಲೆಯಲ್ಲಿ 2016ರಿಂದ ಟಾರ್ಪಾಲಿನಡಿ ನಿಂತಿತ್ತು. ಕೆಲಸಕ್ಕೆ ಇಳಿದವರು ಇಬ್ಬರು: ಲೆಕ್ಕಪತ್ರದ ನೌಕರಿಯಲ್ಲಿರುವ ನಾನು, ಹನ್ನೊಂದನೇ ಕ್ಲಾಸಿನಲ್ಲಿ ಸೈನ್ಸ್ ಓದುತ್ತಿದ್ದ ನನ್ನ ಮಗಳು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದವರು ನನ್ನ ಅಪ್ಪಯ್ಯ, ಆಗ ಅವರಿಗೆ ಎಂಬತ್ತಮೂರು. 2023ರ ದೀಪಾವಳಿ ರಜೆಯಲ್ಲಿ ಶುರು ಮಾಡಿದೆವು. 2024ರ ಡಿಸೆಂಬರಿನಲ್ಲಿ, ಮಗಳ ಹನ್ನೆರಡನೇ ಕ್ಲಾಸಿನ ಬೋರ್ಡ್ ಪರೀಕ್ಷೆಗೆ ಎರಡು ತಿಂಗಳಿರುವಾಗ, ಕಾರು ರಸ್ತೆಗಿಳಿಯಿತು.

ಮಕ್ಕಳ ಜೊತೆ ಹಳೆ ಕಾರು ರೆಡಿ ಮಾಡಬೇಕೆಂದು ಆಸೆಪಟ್ಟು ನನ್ನ ಹತ್ತಿರ ಬರುವವರು ಎಂಜಿನ್ ಬಗ್ಗೆ ಕೇಳುತ್ತಾರೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಅದನ್ನೂ ಬರೆಯುತ್ತೇನೆ. ಆದರೆ ನಮ್ಮ ಕೆಲಸ ಎರಡು ಸಲ ನಿಂತೇಹೋಗುವ ಹಾಗಾಗಿತ್ತು. ಎರಡು ಸಲವೂ ತಕರಾರು ಬಂದದ್ದು ಯಾವ ಕೆಲಸ ಯಾರದು, ‘ಹೀಗೆ ಬೇಡ’ ಅನ್ನುವ ಅಧಿಕಾರ ಯಾರಿಗೆ ಎಂಬಲ್ಲಿ. ಹಾಗಾಗಿ ಆ ಎರಡು ಸಂದರ್ಭಗಳನ್ನೇ ಹೆಚ್ಚು ವಿವರವಾಗಿ ಹೇಳುತ್ತೇನೆ.

ಕಾರಿನ ಹಿನ್ನೆಲೆ

ಅಪ್ಪಯ್ಯ ಕುಂದಾಪುರದ ಕಡೆಯಿಂದ ಹದಿನೈದರ ಹರೆಯದಲ್ಲಿ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಆಮೇಲೆ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಗೆ ಸೇರಿ, ಬಾಗಿಲಿಗೆ ಬೀಡಿಂಗ್ (ನೀರು ತಡೆಯುವ ರಬ್ಬರ್ ಪಟ್ಟಿ) ಕೂರಿಸುವ, ಸೀಟು ಬಿಗಿಯುವ ವಿಭಾಗದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದರು. ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಕಟ್ಟಿದ ಕಂಪನಿ ಅದು. ಇಟಲಿಯ ಫಿಯಟ್ ಜೊತೆಗಿನ ಒಪ್ಪಂದದಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಎಂದು ಬಂದ ಕಾರೇ 1974ರಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಚಿತ್ತೋಡದ ರಾಣಿಯ ಹೆಸರು. ಹೆಸರು ಬದಲಾದರೂ ನಮ್ಮ ಮನೆಯಲ್ಲಿ ಅದು ಇವತ್ತಿಗೂ ‘ಫಿಯಟ್ಟು’. ಕುರ್ಲಾದಲ್ಲಿ ಪ್ರೀಮಿಯರ್ ರಸ್ತೆ ಎಂಬ ಹೆಸರು ಈಗಲೂ ಉಳಿದಿದೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತ್ತು. ಮರುವರ್ಷವೇ ಅಪ್ಪಯ್ಯ ಪದ್ಮಿನಿ ತಂದರು. ‘ನಾನು ಮಾಡಿದ ಬಾಗಿಲು ನಾನೇ ತೆಗೆದು ಹತ್ತಬೇಕು’ ಎಂದಿದ್ದರಂತೆ. ಅಮ್ಮ ಈಗಲೂ ಹೇಳುತ್ತಾರೆ.

2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತಲ್ಲ, ಆ ದಿನ ಮೀಠಿ ನದಿಯ ನೀರು ನಮ್ಮ ಕಾಂಪೌಂಡಿಗೂ ನುಗ್ಗಿತು. ಕಾರು ಸೀಟಿನ ಮಟ್ಟದವರೆಗೆ ಮುಳುಗಿ ಒಂದೂವರೆ ದಿನ ನಿಂತಿತ್ತು. ಅಪ್ಪಯ್ಯ ರಿಪೇರಿ ಮಾಡಿಸಿ ಮತ್ತೆ ಹನ್ನೊಂದು ವರ್ಷ ಓಡಿಸಿದರು. ಮೊಣಕಾಲು ಕೈಕೊಟ್ಟ ಮೇಲೆ ಟಾರ್ಪಾಲು ಬಿತ್ತು.

ಟಾರ್ಚ್ ಹಿಡಿಯುವ ಕೆಲಸ

ಮೊದಲ ನಾಲ್ಕು ಭಾನುವಾರ ನಾನು ಮಾಡಿದ್ದು ಇಷ್ಟು: ಬಾನೆಟ್ ಕೆಳಗೆ ತಲೆ ಹಾಕಿದೆ. ಮಗಳಿಗೆ ‘ಟಾರ್ಚ್ ಹಿಡಿ’, ‘ಹದಿಮೂರರ ಪಾನಾ (ಸ್ಪ್ಯಾನರ್) ಕೊಡು’, ‘ಅದನ್ನು ಮುಟ್ಟಬೇಡ ಪುಟ್ಟೀ, ಕೈಗೆ ತಾಗೀತು’ ಎಂದೆ. ಜೊತೆಗೆ ಕೆಲಸ ಮಾಡುತ್ತಿದ್ದೇವೆ ಎಂದು ನಿಜವಾಗಿಯೂ ನಂಬಿದ್ದೆ. ಫೋಟೊ ಕೂಡ ಊರಿನ ಬಂಧುಗಳಿಗೆಲ್ಲ ಹೋಗಿತ್ತು.

ಐದನೇ ಭಾನುವಾರ ವಾಟರ್ ಪಂಪಿನ ಒಂದು ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅವಳು ಅದಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ‘ಇವತ್ತು ಬಿಡುವ ಪಪ್ಪಾ, ನಾಳೆ ನೋಡುವ’ ಎಂದಳು. ನಾನು ಅವಳ ಕೈಯಿಂದ ಪಾನಾ ತೆಗೆದುಕೊಂಡು ಬಲ ಹಾಕಿದೆ. ಬೋಲ್ಟಿನ ತಲೆ ಕಿತ್ತು ಬಂತು. ಉಳಿದ ತುಂಡನ್ನು ಡ್ರಿಲ್ ಮಾಡಿಸಿ ತೆಗೆಯಲು ಲೇತ್ ಶಾಪಿಗೆ ಹೋಗಬೇಕಾಯಿತು. ಅವಳು ಏನೂ ಹೇಳಲಿಲ್ಲ. ಮುಂದಿನ ಮೂರು ಭಾನುವಾರ ಕೆಳಗೆ ಇಳಿಯಲೂ ಇಲ್ಲ. ಓದುವುದಿದೆ ಎಂದಳು.

ಮೂರನೇ ಭಾನುವಾರ ಅಪ್ಪಯ್ಯ ಕುರ್ಚಿಯಿಂದಲೇ ಹೇಳಿದರು: ‘ಟಾರ್ಚ್ ಹಿಡುಕೆ ಒಂದ್ ಕೋಲ್ ಸಾಕ್. ಮಗು ಎಂತಕ್ಕೆ?’

ಆಮೇಲೆ ಕಾರ್ಖಾನೆಯ ಮಾತು ತೆಗೆದರು. ಅವರ ವಿಭಾಗಕ್ಕೆ ಹೊಸ ಹುಡುಗ ಬಂದರೆ ನೋಡುತ್ತಾ ನಿಲ್ಲಲು ಬಿಡುತ್ತಿರಲಿಲ್ಲವಂತೆ. ಒಂದು ಬಾಗಿಲು ಕೊಡುತ್ತಿದ್ದರು. ಬೀಡಿಂಗ್ ಅವನೇ ಕೂರಿಸಬೇಕು, ನೀರು ಹೊಡೆದು ನೋಡುವಾಗಲೂ ಅವನೇ ನಿಲ್ಲಬೇಕು. ನೀರು ಒಳಗೆ ಬಂದರೆ ಅವನೇ ಬಿಚ್ಚಬೇಕು. ‘ಒಂದು ಬಾಗಿಲು ಪೂರಾ ಅವನದು.’

ಆ ರಾತ್ರಿ ಮಗಳ ಜೊತೆ ಕೂತು ಮಾತಾಡಿದೆ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ) ಪೆಟ್ರೋಲ್ ಹರಿಯುವ ದಾರಿ ಪೂರ್ತಿ ಅವಳದು ಎಂದು ಒಪ್ಪಂದವಾಯಿತು. ಅವಳು ಕೇಳಿದರೆ ಮಾತ್ರ ನಾನು ಕೈ ಹಾಕುವುದು. ಸಾಮಾನು ತರುವುದು, ದುಡ್ಡಿನ ಲೆಕ್ಕ, ಎರಡೂ ಅವಳ ನೋಟ್‌ಬುಕ್ಕಿನಲ್ಲಿ. ಮೂರು ವಿಷಯ ಮಾತ್ರ ನನ್ನ ಮಾತೇ ಕೊನೆ: ಬೆಂಕಿ, ಜಾಕ್, ಬ್ರೇಕ್. ಬ್ಯಾಟರಿ ಕಳಚದೆ ಪೆಟ್ರೋಲ್ ಕೆಲಸ ಇಲ್ಲ, ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಯಾರೂ ತೂರುವ ಹಾಗಿಲ್ಲ, ಬ್ರೇಕ್ ಕೆಲಸ ಪಳಗಿದವರಿಂದಲೇ. ಹಳೆಯ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಆ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮಕ್ಕಳನ್ನು ಕೂರಿಸಿಕೊಂಡು ಕೆಲಸ ಮಾಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ತಟ್ಟೆಯ ಮೇಲಿನ ವಾಷರ್

ಅವಳು ಕಾರ್ಬುರೇಟರನ್ನು ಅಡುಗೆಮನೆಯ ಸ್ಟೀಲ್ ತಟ್ಟೆಯಲ್ಲಿಟ್ಟು ಬಿಚ್ಚಿದಳು. ಏಳು ವರ್ಷ ನಿಂತ ಪೆಟ್ರೋಲ್ ಒಳಗೆ ಅಂಟಾಗಿ, ಹಳೆ ಬೆಲ್ಲದ ಪಾಕದ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಬಿಚ್ಚಿದ ಒಂದೊಂದು ತುಂಡಿನ ಪಕ್ಕದಲ್ಲೂ ಚೀಟಿ ಇಟ್ಟಳು, ಪ್ರತಿಯೊಂದರ ಚಿತ್ರ ಬರೆದುಕೊಂಡಳು. ಜೆಟ್ ಎನ್ನುವುದು ಸಣ್ಣ ತೂತಿರುವ ಹಿತ್ತಾಳೆಯ ಸ್ಕ್ರೂ. ಅದರ ಮೇಲೆ ಒತ್ತಿರುವ ಸಂಖ್ಯೆ ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ಮೇನ್ ಜೆಟ್ಟಿನ ಸಂಖ್ಯೆಗೂ ಡ್ರಿಲ್ ಬಿಟ್ ತೂರಿಸಿ ನೋಡಿದ ಅಳತೆಗೂ ತಾಳೆ ಬರಲಿಲ್ಲ. ಹಿಂದೆ ಯಾರೋ ತಂತಿ ಹಾಕಿ ಕಸ ತೆಗೆದು ತೂತು ಅಗಲ ಮಾಡಿದ್ದರು. ಕಡೆಯ ವರ್ಷಗಳಲ್ಲಿ ಕಾರು ಯಾಕೆ ಅಷ್ಟು ಪೆಟ್ರೋಲ್ ಕುಡಿಯುತ್ತಿತ್ತು ಎಂದು ಅಪ್ಪಯ್ಯನಿಗೆ ಆ ದಿನ ಗೊತ್ತಾಯಿತು.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸಿರುತ್ತದೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮು ಅದಕ್ಕೆ ತಡೆಯುವುದಿಲ್ಲ, ಉಬ್ಬುತ್ತವೆ, ಬಿರಿಯುತ್ತವೆ. ಎಥನಾಲ್ ನೀರು ಹೀರುವುದರಿಂದ, ನಿಲ್ಲಿಸಿಟ್ಟ ಕಾರಿನ ಟ್ಯಾಂಕಿಗೆ ತುಕ್ಕೂ ಬೇಗ. ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಬೇಕೆಂದು ಅವಳೇ ಓದಿ ತಿಳಿದು ಪಟ್ಟಿ ಮಾಡಿದಳು. ಬಿಡಿಭಾಗಕ್ಕೆ ಕುರ್ಲಾದ ಸಿಎಸ್‌ಟಿ ರಸ್ತೆ, ಚೋರ್ ಬಜಾರ್ ಎರಡೂ ಸುತ್ತಿದೆವು. ಅಂಗಡಿಯವರು ಉತ್ತರವನ್ನು ನನ್ನ ಮುಖ ನೋಡಿ ಹೇಳುತ್ತಿದ್ದರು. ಲೆಕ್ಕದ ಪುಸ್ತಕ ಅವಳ ಕೈಯಲ್ಲಿದೆ ಎಂದು ಗೊತ್ತಾದ ಮೇಲೆ ತಿರುಗಿದರು.

ನಾವು ಕೆಲಸ ಶುರು ಮಾಡಿದ ಹೊತ್ತಿಗೆ ಇನ್ನೊಂದು ಸಂಗತಿ ನಡೆದಿತ್ತು. 2003ರ ಅಕ್ಟೋಬರ್ 29ರಂದು ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷ ತುಂಬಿ, 2023ರ ಅಕ್ಟೋಬರ್ 30ರಿಂದ ಕಾಳಿ-ಪೀಲಿ (ಕಪ್ಪು-ಹಳದಿ ಟ್ಯಾಕ್ಸಿ) ಪದ್ಮಿನಿ ಮುಂಬಯಿ ರಸ್ತೆಯಿಂದ ಮರೆಯಾಯಿತು. ಟ್ಯಾಕ್ಸಿ ಹೋದರೆ ಬಿಡಿಭಾಗಕ್ಕೆ ಗಿರಾಕಿಯೂ ಇಲ್ಲ. ನಮಗೆ ನೆರವಾದ ಕುರ್ಲಾದ ಮುದಿ ಮೆಕ್ಯಾನಿಕ್ ಚಾಚಾ ಜೀವಮಾನವಿಡೀ ಟ್ಯಾಕ್ಸಿಗಳನ್ನೇ ನೋಡಿಕೊಂಡವರು. ಕಾರ್ಬುರೇಟರಿನ ನೀಡಲ್ ವಾಲ್ವ್ (ಒಳಗೆ ಬರುವ ಪೆಟ್ರೋಲನ್ನು ತಡೆಯುವ ಸೂಜಿಯಂಥ ಬಿರಡೆ) ಅವರ ತಗಡಿನ ಡಬ್ಬಿಯಲ್ಲಿ ಸಿಕ್ಕಿತು. ದುಡ್ಡು ಮಗಳಿಂದ ತೆಗೆದುಕೊಳ್ಳಲಿಲ್ಲ.

ಜೋಡಿಸುವ ದಿನ. ಅವಳು ಮುಚ್ಚಳ ಕೂರಿಸಿ ಸ್ಕ್ರೂ ಬಿಗಿಯುತ್ತಿದ್ದಾಗ ತಟ್ಟೆಯ ಅಂಚಿನಲ್ಲಿ ಒಂದು ತೆಳು ಫೈಬರ್ ವಾಷರ್ ಉಳಿದಿರುವುದು ನನಗೆ ಕಂಡಿತು. ನೀಡಲ್ ವಾಲ್ವಿನ ಕೆಳಗೆ ಹೋಗಬೇಕಾದದ್ದು. ಅದಿಲ್ಲದಿದ್ದರೆ ವಾಲ್ವ್ ಮೇಲಕ್ಕೆ ಕೂತು, ಒಳಗಿನ ಪೆಟ್ರೋಲ್ ಮಟ್ಟ ಏರುತ್ತದೆ. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿದೆ. ಬ್ಯಾಟರಿ ಕಳಚಿತ್ತು, ಹತ್ತಿರ ಮರಳಿನ ಬಕೆಟ್ ಇತ್ತು, ಅಪಾಯವಿರಲಿಲ್ಲ. ಅವಳು ಕಾರಿಗೆ ಕೂರಿಸಿ, ಫ್ಯುಯಲ್ ಪಂಪಿನ ಲಿವರನ್ನು ಕೈಯಲ್ಲಿ ಒತ್ತಿದಳು. ಹತ್ತಿಪ್ಪತ್ತು ಸಲ ಒತ್ತುವಷ್ಟರಲ್ಲಿ ಕಾರ್ಬುರೇಟರಿನ ಮೈಮೇಲೆ ಪೆಟ್ರೋಲ್ ಬೆವರಿನ ಹಾಗೆ ಇಳಿಯಿತು. ಅವಳು ಒರೆಸಿ, ನಿಂತು ಯೋಚಿಸಿ, ಚಿತ್ರ ಬಿಡಿಸಿದ್ದ ನೋಟ್‌ಬುಕ್ ತಿರುವಿ, ತಟ್ಟೆಯ ಹತ್ತಿರ ಹೋದಳು. ವಾಷರ್ ಎತ್ತಿ ನನ್ನ ಮುಖ ನೋಡಿದಳು. ‘ನಿಮಗೆ ಗೊತ್ತಿತ್ತಾ?’ ‘ಗೊತ್ತಿತ್ತು’ ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅವಳು ನಕ್ಕಳು. ಡಿಸೆಂಬರ್ ಮೊದಲ ವಾರದಿಂದ ಅವಳು ನಗದೆ ಎಷ್ಟು ದಿನವಾಗಿತ್ತು ಎಂದು ನನಗೆ ಹೊಳೆದದ್ದು ಆಗ.

ಬಾಗಿಲು ಸಿಕ್ಕಿಕೊಂಡದ್ದು

ಜನವರಿ ಕೊನೆಯಲ್ಲಿ ಹಿಂದಿನ ಚಕ್ರ ತೆಗೆಯಲು ಎಡಬದಿಯಿಂದ ಜಾಕ್ ಏರಿಸುತ್ತಿದ್ದೆ. ಮಗಳು ಒಳಗಿನಿಂದ ಏನೋ ತರಲು ಎಡ ಮುಂಬಾಗಿಲು ತೆಗೆಯಹೋದಳು. ಬಾಗಿಲು ತೆರೆಯಲಿಲ್ಲ. ಜಾಕ್ ಇಳಿಸಿದೆ, ಸಲೀಸಾಗಿ ತೆರೆಯಿತು. ಮತ್ತೆ ಏರಿಸಿದೆ, ಮತ್ತೆ ಕಚ್ಚಿತು. ‘ಪಪ್ಪಾ, ಇಲ್ಲ್ ಕಾಣಿ’ ಎಂದು ಅವಳು ಬಾಗಿಲಿನ ಸಂದಿಗೆ ಬೆರಳಿಟ್ಟು ತೋರಿಸಿದಳು. ಜಾಕ್ ಏರಿದ ಹಾಗೆ ಸಂದಿ ಕಣ್ಣೆದುರೇ ಕಿರಿದಾಗುತ್ತಿತ್ತು. ಕಾರು ನಡುವಿನಲ್ಲಿ ಮಡಚುತ್ತಿತ್ತು.

ಇದು ಗಂಭೀರ ವಿಷಯ. ಲಾರಿಗೆ ಕೆಳಗೆ ಬೇರೆ ಚಾಸಿಸ್ ಇರುತ್ತದೆ, ಮೈ ಅದರ ಮೇಲೆ ಕೂರುತ್ತದೆ. ಪದ್ಮಿನಿಗೆ ಹಾಗಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ (ಮೆಕ್ಯಾನಿಕ್‌ಗಳು ಸಿಲ್ ಎನ್ನುವುದು), ಕಂಬ, ಮಾಡು ಎಲ್ಲ ಸೇರಿಯೇ ಬಲ. ನೆಲ ಸತ್ತರೆ ಕಾರಿನ ಬೆನ್ನುಮೂಳೆಯೇ ಸತ್ತ ಹಾಗೆ.

ಮ್ಯಾಟ್ ಎತ್ತಿದೆವು. ಕೆಳಗೆ ಡಾಂಬರಿನ ಹಾಳೆ. ಅದನ್ನು ಕೆರೆದರೆ ಕೆಳಗೆ ಒಳ್ಳೆಯ ಗಟ್ಟಿ ಪತ್ರಾ (ಉಕ್ಕಿನ ತಗಡು). ಅದರಡಿ ಇನ್ನೊಂದು, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುವ ಮೂಲ ನೆಲ. ಅಂದರೆ ನೆರೆಯ ನಂತರ ಯಾರೋ ಕೊಳೆತದ್ದನ್ನು ಕತ್ತರಿಸದೆ ಮೇಲಿಂದ ಹೊಸ ಪತ್ರಾ ಹೊದಿಸಿ ಬೆಸುಗೆ ಹಾಕಿದ್ದರು. ಸಿಲ್‌ಗೆ ಡ್ರಿಲ್ ಇಟ್ಟು ತೂತು ಮಾಡಿದಾಗ ಒಳಗಿನಿಂದ ಬೂದು ಬಣ್ಣದ ಒಣ ಕೆಸರು ಮರಳು ಗಡಿಯಾರದ ಹಾಗೆ ಸುರಿಯತೊಡಗಿತು. ನಿಲ್ಲಲೇ ಇಲ್ಲ. ಮಗಳು ಪೇಪರ್ ಹಾಸಿ ಹಿಡಿದಳು. ಹತ್ತಿರ ಹತ್ತಿರ ಎರಡು ಕಿಲೊ. 2005ರ ಮೀಠಿ ನದಿ ಅದು. ಹದಿನೆಂಟೂವರೆ ವರ್ಷ ನಮ್ಮ ಕಾರಿನೊಳಗೇ ಇತ್ತು.

ನಮ್ಮ ಅಂದಾಜಿನ ಒಟ್ಟು ದುಡ್ಡು 2,20,000 ರೂಪಾಯಿ. ಅದರಲ್ಲಿ 90,000 ಡೆಂಟಿಂಗ್-ಪೇಂಟಿಂಗಿಗೆ. ನನ್ನ ಮನಸ್ಸಿನಲ್ಲಿ ಕಡುಹಸಿರು ಬಣ್ಣ, ಕನ್ನಡಿಯ ಹಾಗೆ ಹೊಳೆಯುವ ಬಾನೆಟ್. ಪತ್ರಾ ಕೆಲಸದವನು ನೆಲಕ್ಕೆ, ಎರಡೂ ಸಿಲ್‌ಗೆ 62,000 ಹೇಳಿದ. ‘ಇಲ್ಲವಾದರೆ ಮೇಲಿಂದ ಇನ್ನೊಂದು ಪದರ ಹಾಕಿಕೊಡುತ್ತೇನೆ, ಹನ್ನೆರಡು ಸಾವಿರಕ್ಕೆ ಆಗುತ್ತದೆ, ಐದು ವರ್ಷಕ್ಕೆ ಚಿಂತೆಯಿಲ್ಲ’ ಎಂದ. ನಾನು ಆಯಿತು ಅನ್ನುವವನಿದ್ದೆ. ವರ್ಷಕ್ಕೆ ನಾಲ್ಕು ಸಲ ತೆಗೆಯುವ ಕಾರು, ಯಾರು ನೆಲ ನೋಡುತ್ತಾರೆ ಎಂದು ಲೆಕ್ಕ ಹಾಕಿದೆ.

‘ಇದ್ರ್ ಮೇಲೆ ಇನ್ನೊಂದ್ ಪತ್ರಾ ಹಾಕುಕಾಗ’ ಎಂದಳು ಮಗಳು. ನೆಲ ಅವಳ ಪಾಲಿನ ಕೆಲಸವಲ್ಲ, ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಷ್ಟೇ ಎಂದು ನಾನು ಬಾಯಿ ಬಿಟ್ಟು ಹೇಳಿಬಿಟ್ಟೆ. ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ. ‘ಪೆಟ್ರೋಲ್ ಪೈಪು ನೆಲದಡಿಯೇ ಹೋಗುವುದು. ಅದರ ಕ್ಲಿಪ್ಪು ಈ ತಗಡಿಗೇ ಬಿಗಿಯಬೇಕು. ಹಾಗಾದರೆ ನಾನು ಪೈಪು ಹಾಕುವುದಿಲ್ಲ’ ಎಂದಳು. ಮಾತು ಸರಿಯಾಗಿತ್ತು. ಹೀಗೆ ಮಾಡಲಾರೆ ಎನ್ನುವ ಅಧಿಕಾರ ಕೆಲಸದ ಜೊತೆಗೇ ಬರುತ್ತದೆ ಎಂದು ನಾನು ಡಿಸೆಂಬರಿನಲ್ಲಿ ಯೋಚಿಸಿರಲಿಲ್ಲ.

ಕುರ್ಚಿಯಲ್ಲಿ ಕೂತ ಅಪ್ಪಯ್ಯ ಅಲ್ಲಿಯವರೆಗೆ ತುಟಿ ಬಿಚ್ಚಿರಲಿಲ್ಲ. ಯಾರಪ್ಪ ಇಂಥ ಕೆಲಸ ಮಾಡಿದವನು ಎಂದು ನಾನು ಗೊಣಗುತ್ತಲೇ ಇದ್ದೆ. ಅವರು ಮೊಮ್ಮಗಳ ಕಡೆ ತಿರುಗಿ ಹೇಳಿದರು: ‘ನಾನೇ ಹಾಕ್ಸಿದ್ದ್. ಆ ವರ್ಷ ನಿನ್ನ ಅಪ್ಪನ ಮದಿ ಇದ್ದಿತ್. ಎರಡಕ್ಕೂ ದುಡ್ಡ್ ಇರ್ಲಿಲ್ಲ.’

ನನ್ನ ಮದುವೆ 2005ರ ಡಿಸೆಂಬರಿನಲ್ಲಿ, ಮಾಟುಂಗದ ಹಾಲ್‌ನಲ್ಲಿ. ನೆರೆ ಬಂದು ಐದು ತಿಂಗಳಿಗೆ. ಮನೆ ಸಾಮಾನೂ ಅರ್ಧ ಹೋಗಿತ್ತು. ದುಡ್ಡಿನ ವಿಷಯ ನನ್ನ ಕಿವಿಗೆ ಬೀಳದ ಹಾಗೆ ಅವರು ನೋಡಿಕೊಂಡಿದ್ದರು. ನಾನು ಅವರ ಕಾಲ ಬಳಿ ಕೆಸರಿನ ಪೇಪರ್ ಹಿಡಿದು ಕೂತೇ ಇದ್ದೆ. ಅವರು ಮತ್ತೆ ಮೊಮ್ಮಗಳಿಗೇ ಹೇಳಿದರು: ‘ಪೂರಾ ತೆಗಿ. ಅರ್ಧ ಬಿಡುಕಾಗ.’

ತೆಗೆಸಿದೆವು. ಇಂಥ ಕೆಲಸ ಮಾಡಿಸುವವರು ಗಮನಿಸಬೇಕಾದದ್ದು ಇದು: ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟುಗಳಿಗೆ ಅಡ್ಡ ಕಬ್ಬಿಣದ ಪೈಪು ಬೆಸೆದು ಮೈ ಅಲ್ಲಾಡದ ಹಾಗೆ ಬಿಗಿ ಮಾಡಬೇಕು. ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಬದಿಗೆ ಕೈ ಹಾಕಬೇಕು. ಎರಡೂ ಒಟ್ಟಿಗೆ ಕತ್ತರಿಸಿದರೆ ಕಾರು ಸೊಟ್ಟಗಾಗಿ, ಜನ್ಮದಲ್ಲಿ ಬಾಗಿಲು ಸರಿಯಾಗಿ ಮುಚ್ಚದು. ಹದಿನೆಂಟು ಗೇಜಿನ ಪತ್ರಾ ಹಾಕಿಸಿದೆವು. ಗ್ಯಾಸ್ ವೆಲ್ಡಿಂಗ್‌ನ ಬಿಸಿಗೆ ತೆಳು ತಗಡು ಅಲೆಯಾಗುತ್ತದೆ ಎಂದು ಸಿಒಟೂ ವೆಲ್ಡಿಂಗ್, ಅದೂ ಒಂದೇ ಗೆರೆಯಾಗಿ ಎಳೆಯದೆ ಅಲ್ಲಿಷ್ಟು ಇಲ್ಲಿಷ್ಟು ಚುಕ್ಕಿ ಹಾಕಿಕೊಂಡು. ಸಿಲ್‌ನ ತಳದಲ್ಲಿ ನೀರು ಇಳಿಯುವ ತೂತುಗಳನ್ನು ಮಗಳು ಎಣಿಸಿ ತೆರೆಸಿದಳು. ಚಾಸಿಸ್ ನಂಬರ್ ಒತ್ತಿದ ಜಾಗಕ್ಕೆ ಗ್ರೈಂಡರ್ ತಾಗದ ಹಾಗೆ ಟೇಪ್ ಸುತ್ತಿ ನಾನು ಕಾವಲು ನಿಂತೆ. ಪಾಸಿಂಗ್ (ಕಾರನ್ನು ತಪಾಸಣೆ ಮಾಡಿಸಿ ನೋಂದಣಿ ನವೀಕರಿಸುವುದು) ಹೊತ್ತಿಗೆ ಆರ್‌ಟಿಒದಲ್ಲಿ ಆ ನಂಬರಿನ ಪೆನ್ಸಿಲ್ ಅಚ್ಚು ಕೇಳುತ್ತಾರೆ, ಅದು ಅಳಿಸಿದರೆ ಕಾರಿಗೆ ಗುರುತೇ ಇಲ್ಲ.

ಮೇ ಕೊನೆಗೆ ನೆಲ ಮುಗಿಯಿತು. ಜಾಕ್ ಏರಿಸಿ ಬಾಗಿಲು ತೆಗೆದು ನೋಡಿದೆವು. ಅಪ್ಪಯ್ಯ ಎದ್ದು ಬಂದು ಸಂದಿಯ ಉದ್ದಕ್ಕೂ ಹೆಬ್ಬೆರಳು ಎಳೆದರು.

ಎಂಜಿನ್, ಕಾಗದಪತ್ರ

ಮಳೆಗಾಲದಲ್ಲಿ ಎಂಜಿನ್ ಲೇತ್ ಶಾಪಿನಲ್ಲಿತ್ತು. ಇದನ್ನು ಚುಟುಕಾಗಿ ಹೇಳುತ್ತೇನೆ, ಎಲ್ಲ ಹಳೆ ಎಂಜಿನ್ನುಗಳ ಕಥೆಯೂ ಹೀಗೇ. ಸಿಲಿಂಡರ್ ಸವೆದಿತ್ತು, ಬೋರಿಂಗ್ (ಒಳಗೋಡೆ ಕೊರೆದು ಸಮ ಮಾಡುವುದು) ಮಾಡಿಸಬೇಕಾಯಿತು. ಸೀಸ ಬೆರೆಸಿದ ಪೆಟ್ರೋಲಿನ ಕಾಲದ ಎಂಜಿನ್ ಆದ್ದರಿಂದ, ಸೀಸವಿಲ್ಲದ ಈಗಿನ ಪೆಟ್ರೋಲಿಗೆ ಸವೆಯದ ಹಾಗೆ, ಎಕ್ಸಾಸ್ಟ್ ವಾಲ್ವಿನ ಸೀಟುಗಳನ್ನು ಗಟ್ಟಿ ಉಕ್ಕಿನವಕ್ಕೆ ಬದಲಾಯಿಸಿದೆವು.

ಒಂದು ಸಂಗತಿ ಮಾತ್ರ ಬಿಡಲಾರೆ. ಈ ಎಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 68 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75. ಮಗಳು ಸಿಲಿಂಡರಿನ ಗಾತ್ರದ ಸೂತ್ರ ಹಾಕಿ, ನಾಲ್ಕರಿಂದ ಗುಣಿಸಿ, 1,089 ಸಿಸಿ ತೆಗೆದಳು. ‘ಅಜ್ಜಯ್ಯ, ನೀವು ಇಷ್ಟು ವರ್ಷ ಇದನ್ನು 1100 ಅಂತ ಕರೆದಿರಿ, ಹನ್ನೊಂದು ಸಿಸಿ ಕಡಿಮೆ ಇದೆ’ ಎಂದಳು. ನಮಗೆ ಸಿಕ್ಕಿದ್ದು ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್. ಬೋರ್ 68.5 ಆದ ಮೇಲೆ ಮತ್ತೆ ಲೆಕ್ಕ ಹಾಕಿದಳು: ಸುಮಾರು 1,105. ‘ಈಗ ನಿಮ್ಮ ಮಾತು ನಿಜವಾಯಿತು’ ಎಂದು ಬಂದು ಹೇಳಿದಳು. ಅಪ್ಪಯ್ಯ ಆ ಕಾಗದವನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು.

ಕಡುಹಸಿರು ಬಣ್ಣ ಕೈಬಿಟ್ಟೆ. ನೆಲಕ್ಕೆ ದುಡ್ಡು ಹೋಗಿತ್ತು, ಜೊತೆಗೆ ಆರ್‌ಸಿಯಲ್ಲಿ ಇರುವುದು ಬಿಳಿ. ಬಣ್ಣ ಬದಲಿಸಿದರೆ ಅದನ್ನೂ ಅಲ್ಲಿ ದಾಖಲಿಸಬೇಕು. 38,000ಕ್ಕೆ ಸರಳ ಬಿಳಿ ಹೊಡೆಸಿದೆವು.

ಇಂಥ ಕಾರಿಗೆ ವಿಂಟೇಜ್ ನೋಂದಣಿ ಆಗುತ್ತದೆಯೇ ಎಂದು ಹಲವರು ಕೇಳುತ್ತಾರೆ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಿರಬೇಕು, ಹಾಗೆ ನೋಂದಾಯಿಸಿದ ವಾಹನವನ್ನು ದಿನಬಳಕೆಗೆ ಓಡಿಸುವಂತಿಲ್ಲ. ನಮ್ಮದು ಮಾಮೂಲಿ ಖಾಸಗಿ ಕಾರು. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ಪಾಸಿಂಗ್. 2022ರ ಏಪ್ರಿಲಿನಿಂದ ನವೀಕರಣ ಶುಲ್ಕ 5,000 ರೂಪಾಯಿ ಆಗಿತ್ತು. ಅದರ ಮೇಲೆ ತಡವಾದದ್ದಕ್ಕೆ ದಂಡ, ಪರಿಸರ ತೆರಿಗೆ, ವಿಮೆ, ಪಿಯುಸಿ (ಹೊಗೆ ತಪಾಸಣೆಯ ಪತ್ರ). ದಿಲ್ಲಿಯಲ್ಲಿ 15 ವರ್ಷದ ಪೆಟ್ರೋಲ್ ಕಾರಿಗೆ ಆಗ ಇದ್ದ ಅಡ್ಡಿ ಮುಂಬಯಿಯಲ್ಲಿರಲಿಲ್ಲ. ಕಾಗದದ ಕೆಲಸ ಮೊದಲೇ ವಿಚಾರಿಸಿಕೊಳ್ಳಿ, ಕಾರು ರೆಡಿಯಾದ ಮೇಲೆ ಓಡಾಡಲು ಹೋದರೆ ಮತ್ತೆ ಮೂರು ತಿಂಗಳು ನಿಲ್ಲುತ್ತದೆ.

ಮಗಳ ನೋಟ್‌ಬುಕ್ಕಿನ ಕೊನೆಯ ಮೊತ್ತ 2,47,300.

ಡಿಸೆಂಬರ್ ಮೂರನೇ ವಾರ, ಬೆಳಗ್ಗೆ ಆರಕ್ಕೆ, ಟ್ರಾಫಿಕ್ ಏಳುವ ಮೊದಲು ಪ್ರೀಮಿಯರ್ ರಸ್ತೆಯವರೆಗೆ ಹೋಗಿ ಬಂದೆವು. ಮುಂದಿನದು ಉದ್ದ ಸೀಟು, ಮೂವರೂ ಮುಂದೆಯೇ ಕೂತೆವು. ಅಪ್ಪಯ್ಯ ಕಿಟಕಿಯ ಬದಿ, ಮಗಳು ನಡುವೆ. ಕಾರ್ಖಾನೆ ಇದ್ದ ಕಡೆ ಈಗ ಎತ್ತರದ ಕಟ್ಟಡಗಳು. ಅಪ್ಪಯ್ಯ ಅತ್ತ ಹೆಚ್ಚು ನೋಡಲಿಲ್ಲ. ತಲೆ ಬಗ್ಗಿಸಿ ಕಿವಿಗೊಟ್ಟು ಕೂತಿದ್ದರು. ಮನೆ ಹತ್ತಿರ ಬರುವಾಗ ‘ಟ್ಯಾಪೆಟ್ ಸದ್ದ್ ಮಾಡ್ತಿತ್ತ್’ ಎಂದರು. ಎಂಜಿನ್ನಿನ ವಾಲ್ವುಗಳನ್ನು ತಳ್ಳುವ ಭಾಗ ಅದು. ನನಗೆ ಕೇಳಿಸಲಿಲ್ಲ. ಚಾಚಾನಿಗೂ ಕೇಳಿಸಿರಲಿಲ್ಲ.

ಮಗಳು ಬಾನೆಟ್ ತೆಗೆದು, ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು, ತುದಿಯನ್ನು ಟ್ಯಾಪೆಟ್ ಕವರಿನ ಮೇಲೆ ಒಂದೊಂದಾಗಿ ಇಟ್ಟು ಕೇಳಿದಳು. ಆಮೇಲೆ ನೋಟ್‌ಬುಕ್ ತೆಗೆದು ಬಾಕಿ ಕೆಲಸದ ಪಟ್ಟಿಯಲ್ಲಿ, ಎಡ ವೈಪರ್ ನಿಧಾನ ಎಂಬುದರ ಕೆಳಗೆ, ಬರೆದಳು: ‘ಟ್ಯಾಪೆಟ್, ಎರಡನೇ ಸಿಲಿಂಡರ್. ಅಜ್ಜಯ್ಯ ಹೇಳಿದ್ದು ಹೌದು. ಪರೀಕ್ಷೆ ಮುಗಿದ ಮೇಲೆ.’